ಬಿಎಂಡಿ ತೆಗೆದು ಓಂಕಾಳು ಹಾಕುವ ಮುಂಚೆ

ಬ್ರಾಯ್ಲರ್ ಫೀಡಿನಿಂದ ಆಂಟಿಬಯೋಟಿಕ್ ತೆಗೆದು ಆ ಜಾಗಕ್ಕೆ ಅರಿಶಿನ, ಬೆಳ್ಳುಳ್ಳಿ ಪುಡಿ ಸುರಿದರೆ ಆಯಿತು ಎಂದು ಶುರು ಮಾಡಿದವರಲ್ಲಿ ಬಹಳ ಮಂದಿ ಎರಡನೇ ಬ್ಯಾಚಿಗೆ ಕೈಬಿಡುತ್ತಾರೆ. ತಪ್ಪು ಅರಿಶಿನದ್ದಲ್ಲ. ಟನ್ನಿಗೆ 500 ಗ್ರಾಂ ಬಿಎಂಡಿ (ಬ್ಯಾಸಿಟ್ರಾಸಿನ್ ಎಂಬ ಆಂಟಿಬಯೋಟಿಕ್) ಇಷ್ಟು ದಿನ ಒದ್ದೆ ಹೊಟ್ಟು, ಪಾಚಿ ಕಟ್ಟಿದ ಪೈಪು, ಬೂಸ್ಟು ಹಿಡಿದ ಮೆಕ್ಕೆಜೋಳ ಎಲ್ಲವನ್ನೂ ಮುಚ್ಚಿಟ್ಟಿರುತ್ತದೆ. ಅದನ್ನು ತೆಗೆದ ಮೂರನೇ ವಾರಕ್ಕೆ ಅವೆಲ್ಲ ಒಟ್ಟಿಗೆ ಹೊರಗೆ ಬರುತ್ತವೆ. ಅದಕ್ಕೇ ನಾವು ಗಿಡಮೂಲಿಕೆಯನ್ನು ಕೊನೆಗೆ ಇಟ್ಟುಕೊಂಡು ನೀರು, ಲಿಟ್ಟರ್ (ಶೆಡ್ಡಿನ ನೆಲಕ್ಕೆ ಹಾಸುವ ಹೊಟ್ಟು), ಜೋಳದಿಂದ ಶುರು ಮಾಡಿದ್ದು. ಇಲ್ಲಿ ಬರೆದಿರುವುದೂ ಅದೇ ಕ್ರಮದಲ್ಲಿ.

ಇದು ಸ್ವಂತ ಫೀಡ್ ಮಿಕ್ಸ್ ಮಾಡಿಕೊಳ್ಳುವವರಿಗೆ ಮಾತ್ರ. ಕಂಪನಿ ಕಾಂಟ್ರಾಕ್ಟಿನಲ್ಲಿ ಮರಿ ಸಾಕುವವರಿಗೆ ಫೀಡು ಚೀಲದಲ್ಲಿ ಬರುತ್ತದೆ, ಅದಕ್ಕೆ ಏನಾದರೂ ಬೆರೆಸುವುದು ಒಪ್ಪಂದಕ್ಕೆ ವಿರುದ್ಧ. ಅವರು ಮಾಡಬಹುದಾದ್ದು ನೀರು ಮತ್ತು ಲಿಟ್ಟರಿನ ಕೆಲಸ. ನಿಜ ಹೇಳಬೇಕೆಂದರೆ ಅರ್ಧ ಫಲಿತಾಂಶ ಅಲ್ಲೇ ಇದೆ.

ಮೊದಲು ಏನನ್ನು ತೆಗೆಯುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರಬೇಕು. ಫೀಡಿನಲ್ಲಿ ಎರಡು ಬಗೆಯ ಔಷಧಿ ಇರುತ್ತದೆ. ಒಂದು, ಬೆಳವಣಿಗೆಗೆಂದು ಸಣ್ಣ ಪ್ರಮಾಣದಲ್ಲಿ ದಿನಾ ಹೋಗುವ ಆಂಟಿಬಯೋಟಿಕ್: ಬಿಎಂಡಿ, ಎನ್ರಾಮೈಸಿನ್, ವರ್ಜಿನಿಯಾಮೈಸಿನ್ ಇಂಥವು. ಇನ್ನೊಂದು, ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ ಜೀವಿಯಿಂದ ಬರುವ ರಕ್ತಭೇದಿಯನ್ನು ತಡೆಯುವ ಕಾಕ್ಸಿಡಿಯೋಸ್ಟಾಟ್: ಸಾಲಿನೋಮೈಸಿನ್, ಮಡುರಾಮೈಸಿನ್, ಡೈಕ್ಲಾಜುರಿಲ್. ನಾವು ತೆಗೆದದ್ದು ಮೊದಲನೆಯದನ್ನು. ಸ್ವೀಡನ್ 1986ರಲ್ಲೇ ಬೆಳವಣಿಗೆಯ ಆಂಟಿಬಯೋಟಿಕ್ ನಿಲ್ಲಿಸಿತು, ಇಡೀ ಯುರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ ನಿಲ್ಲಿಸಿತು. ಆದರೆ ಅಲ್ಲೂ ಕಾಕ್ಸಿಡಿಯೋಸ್ಟಾಟ್ ಫೀಡಿನಲ್ಲಿ ಉಳಿದುಕೊಂಡಿದೆ. ಡೆನ್ಮಾರ್ಕಿನ ರೈತರು 1998ರಲ್ಲಿ ಬ್ರಾಯ್ಲರಿಗೆ ಆಂಟಿಬಯೋಟಿಕ್ ಬಿಟ್ಟಾಗ ಅವರಿಗೆ ಆದ ನಷ್ಟ ಒಂದು ಕೆಜಿ ತೂಕಕ್ಕೆ ಸುಮಾರು 16 ಗ್ರಾಂ ಹೆಚ್ಚುವರಿ ಫೀಡು, ಅಷ್ಟೇ. ಅವರ ಶೆಡ್ಡುಗಳು ಒಣಗಿದ್ದವು, ನೀರು ಶುದ್ಧವಾಗಿತ್ತು, ಸಾಲಿನೋಮೈಸಿನ್ ಇತ್ತು ಎನ್ನುವುದನ್ನು ಮರೆಯಬಾರದು. ನಮ್ಮ ದೇಶದಲ್ಲಿ 2019ರ ಜುಲೈನಲ್ಲಿ ಕೋಳಿ, ಜಾನುವಾರುಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಕೊಡುವುದು ನಿಷೇಧವಾಯಿತು. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಿದ್ದಾಗ ಕೊಡುವ ಔಷಧಿ ಅದು, ನಾವು ಅದನ್ನು ಮರಿಗಳ ಭೇದಿಗೆಂದು ನೀರಿಗೆ ಕದಡುತ್ತಿದ್ದೆವು.

ನೀರಿನ ವಿಷಯ. ಬೋರ್‌ವೆಲ್ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಟ್ಯಾಂಕು ಮತ್ತು ಪೈಪಿನೊಳಗೆ ಲೋಳೆ ಕಟ್ಟಿರುತ್ತದೆ. ನಿಪ್ಪಲ್ ಲೈನಿನ (ಮರಿ ಕೊಕ್ಕಿನಿಂದ ಒತ್ತಿ ನೀರು ಕುಡಿಯುವ ಪೈಪು) ಕೊನೆಯ ಮುಚ್ಚಳ ಬಿಚ್ಚಿ ಒಳಗೆ ಬೆರಳು ಆಡಿಸಿದರೆ ಕೈಗೆ ಅಂಟುತ್ತದೆ. ಕೋಳಿ ಲಿಫ್ಟಿಂಗ್ (ಮಾರಾಟಕ್ಕೆ ಎತ್ತುವುದು) ಆದ ಮೇಲೆ, ಶೆಡ್ಡು ಖಾಲಿ ಇರುವಾಗ, ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ ಲೈನಿಗೆ ತುಂಬಿ ಒಂದು ದಿನ ಬಿಟ್ಟು, ಒತ್ತಡದಲ್ಲಿ ನೀರು ಹಾಯಿಸಿ ತೊಳೆಯಬೇಕು. ಬ್ಯಾಚು ನಡೆಯುವಾಗ ಕ್ಲೋರಿನ್. ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು ಶೇ 30 ಕ್ಲೋರಿನ್ ಇರುತ್ತದೆ, ಹಾಗಾಗಿ 1000 ಲೀಟರಿಗೆ 10 ಗ್ರಾಂ ಹಾಕಿದರೆ ಲೆಕ್ಕಕ್ಕೆ 3 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 3 ಭಾಗ). ಆದರೆ ಲೆಕ್ಕ ಟ್ಯಾಂಕಿನಲ್ಲಿ ಮುಗಿಯುವುದಿಲ್ಲ. ಕೊಳೆ ಇದ್ದಷ್ಟೂ ಕ್ಲೋರಿನ್ ದಾರಿಯಲ್ಲೇ ಖರ್ಚಾಗುತ್ತದೆ, ಆದ್ದರಿಂದ ಅಳೆಯಬೇಕಾದ್ದು ಕೊನೆಯ ನಿಪ್ಪಲಿನ ನೀರನ್ನು. ಅಲ್ಲಿ 2ರಿಂದ 3 ಪಿಪಿಎಂ ತೋರಿಸಬೇಕು. ನೀರಿನ ಪಿಎಚ್ 8 ದಾಟಿದರೆ ಕ್ಲೋರಿನ್ನಿನ ಶಕ್ತಿ ಕುಗ್ಗುತ್ತದೆ, ಕೋಲಾರ, ತುಮಕೂರು ಕಡೆಯ ಗಡಸು ನೀರಿಗೆ ಇದು ಮಾಮೂಲು. ಆಗ ಪಿಎಚ್ ಇಳಿಸುವ ಆಸಿಡಿಫೈಯರ್ ಬೇಕಾಗುತ್ತದೆ. ಬ್ಲೀಚಿಂಗ್ ಪೌಡರನ್ನೂ ಆಸಿಡನ್ನೂ ಒಂದೇ ಬಕೆಟ್ಟಿನಲ್ಲಿ ಕದಡಬೇಡಿ, ವಿಷದ ಗ್ಯಾಸ್ ಏಳುತ್ತದೆ.

ಲಿಟ್ಟರಿಗೆ ಭತ್ತದ ಹೊಟ್ಟು ಎರಡು ಇಂಚು ಬೇಸಿಗೆಗೆ ಸಾಕು, ಮಳೆಗಾಲಕ್ಕೆ ಮೂರು ಬೇಕು. ಒಂದು ಹಿಡಿ ತೆಗೆದು ಗಟ್ಟಿಯಾಗಿ ಅದುಮಿ ಬಿಡಿ. ಉಂಡೆಯಾಗಿ ನಿಂತರೆ ನೀರು ಹೆಚ್ಚು, ಉಂಡೆ ಕಟ್ಟಿ ತಾನಾಗಿ ಬಿರಿದರೆ ಸರಿ, ಕಟ್ಟುವುದೇ ಇಲ್ಲವೆಂದರೆ ತೀರಾ ಒಣಗಿದೆ, ಧೂಳಿಗೆ ಸಿಆರ್‌ಡಿ (ಉಸಿರಾಟದ ರೋಗ) ಬರುತ್ತದೆ. ರಕ್ತಭೇದಿಯ ಮೊಟ್ಟೆಕೋಶಗಳು ಹಿಕ್ಕೆಯಲ್ಲಿ ಬಿದ್ದ ತಕ್ಷಣ ರೋಗ ಹರಡುವುದಿಲ್ಲ. ಅವಕ್ಕೆ ತೇವ, ಗಾಳಿ, 25ರಿಂದ 30 ಡಿಗ್ರಿ ಬಿಸಿ ಸಿಕ್ಕಿದರೆ ಒಂದೆರಡು ದಿನದಲ್ಲಿ ಬಲಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಶೆಡ್ಡುಗಳಲ್ಲಿ ಮೂರೂ ಸಿಗುತ್ತದೆ. ಎರಡನೇ ವಾರದಿಂದ ದಿನಾ ಬೆಳಿಗ್ಗೆ ಲಿಟ್ಟರ್ ಕೆದಕಿ ತಿರುವಬೇಕು. ನಿಪ್ಪಲ್ ಕೆಳಗೆ ಹಪ್ಪಳ ಕಟ್ಟಿದ್ದನ್ನು ತಿರುವಿ ಹಾಕುವುದಲ್ಲ, ಎತ್ತಿ ಹೊರಗೆ ಹಾಕಿ ಹೊಸ ಹೊಟ್ಟು ತುಂಬಬೇಕು. ಮರಿ ಇರುವಾಗಲೇ ಸುಣ್ಣ ಎರಚುವ ಅಭ್ಯಾಸ ಬಹಳ ಕಡೆ ಇದೆ. ಸುಣ್ಣ ಲಿಟ್ಟರಿನ ಪಿಎಚ್ ಏರಿಸುತ್ತದೆ, ಆಗ ಅಮೋನಿಯಾ ಮೊದಲಿಗಿಂತ ಜಾಸ್ತಿ ಏಳುತ್ತದೆ. ಅಮೋನಿಯಾ ತಿಳಿಯಲು ನಿಂತು ಮೂಸಿದರೆ ಸಾಲದು, ಮರಿಯ ಎತ್ತರಕ್ಕೆ ಕುಳಿತು ಎರಡು ನಿಮಿಷ ಉಸಿರಾಡಿ ನೋಡಬೇಕು. ಕಣ್ಣು ಉರಿದರೆ 25 ಪಿಪಿಎಂ ಹತ್ತಿರ ಬಂದಿದೆ ಎಂದೇ ಅರ್ಥ. ಅದಕ್ಕೆಂದು ಯುಕ್ಕಾ (ನಮ್ಮ ಎಕ್ಕ ಅಲ್ಲ, ಹೊರದೇಶದ ಬೇರೆ ಗಿಡ) ಗಿಡದ ಪುಡಿ ಟನ್ನಿಗೆ 100ರಿಂದ 125 ಗ್ರಾಂ ಹಾಕುತ್ತಾರೆ. ವಾಸನೆ ತಗ್ಗುವುದು ಹೌದು, ಆದರೆ ಪರದೆ ಎತ್ತಿ ಗಾಳಿ ಆಡಿಸುವ ಕೆಲಸವನ್ನು ಯುಕ್ಕಾ ಮಾಡಿಕೊಡುವುದಿಲ್ಲ.

ಫೀಡಿನಲ್ಲಿ ಮೂರು ಬದಲಾವಣೆ ಆಗಬೇಕು. ಜೋಳದ ತೇವ ಶೇ 12ಕ್ಕಿಂತ ಕೆಳಗಿರಬೇಕು. ಮಳೆಯಲ್ಲಿ ನೆನೆದ ಲಾಟಿನ ಜೋಳ ಅಗ್ಗಕ್ಕೆ ಸಿಗುತ್ತದೆ ಎಂದು ತಂದರೆ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ 20 ಪಿಪಿಬಿ (ನೂರು ಕೋಟಿ ಭಾಗಕ್ಕೆ 20 ಭಾಗ) ದಾಟುವುದುಂಟು, ಆಮೇಲೆ ಲಿವರ್ ಟಾನಿಕ್ಕಿಗೆ ಸುರಿಯುವ ಹಣದಲ್ಲಿ ಒಳ್ಳೆಯ ಜೋಳವೇ ಬರುತ್ತಿತ್ತು. ಎರಡನೆಯದು, ಒಣಮೀನು ಪೂರ್ತಿ ಬಿಡುವುದು. ಮೂರನೆಯದು, ಪ್ರೋಟೀನನ್ನು ಅರ್ಧದಿಂದ ಒಂದು ಶೇಕಡ ಇಳಿಸಿ ಲೈಸಿನ್, ಮೆಥಿಯೋನಿನ್, ಥ್ರಿಯೋನಿನ್ ಎಂಬ ಅಮೈನೋ ಆಮ್ಲಗಳಿಂದ ಸರಿದೂಗಿಸುವುದು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಲೆಕ್ಕದಲ್ಲಿ ಮೊದಲ ದಿನಗಳ ಪ್ರೀ-ಸ್ಟಾರ್ಟರ್ ಫೀಡಿಗೆ ಶೇ 23, ಆಮೇಲಿನ ಸ್ಟಾರ್ಟರಿಗೆ 22, ಕೊನೆಯ ಫಿನಿಷರಿಗೆ 20 ಇದೆ. ಜೀರ್ಣವಾಗದೆ ಕರುಳಿನ ಕೆಳಭಾಗಕ್ಕೆ ಇಳಿದ ಪ್ರೋಟೀನೇ ಕ್ಲಾಸ್ಟ್ರೀಡಿಯಂ ಎಂಬ, ಕರುಳು ಕೆಡಿಸುವ ಬ್ಯಾಕ್ಟೀರಿಯಾಕ್ಕೆ ಊಟ, ಬಿಎಂಡಿ ಅಲ್ಲಿ ಕಾವಲಿಗಿತ್ತು. ಕಾವಲು ತೆಗೆದ ಮೇಲೆ ಊಟವನ್ನೂ ಕಡಿಮೆ ಮಾಡಬೇಕಾಗುತ್ತದೆ. ಉಪ್ಪಿನ ತೂಕವನ್ನೂ ಒಮ್ಮೆ ನೋಡಿಕೊಳ್ಳಿ. ಉಪ್ಪು ಮತ್ತು ಸೋಡ ಸೇರಿ ಸೋಡಿಯಂ ಹೆಚ್ಚಾದರೆ ಮರಿ ನೀರು ಜಾಸ್ತಿ ಕುಡಿಯುತ್ತದೆ, ಲಿಟ್ಟರ್ ಒದ್ದೆಯಾಗುತ್ತದೆ, ನಾವು ಭೇದಿ ಎಂದು ಹೆದರುತ್ತೇವೆ.

ಇಷ್ಟಾದ ಮೇಲೆ ಗಿಡಮೂಲಿಕೆ. ಒಂದು ಟನ್ ಫೀಡಿಗೆ ನಮ್ಮ ಪ್ರಮಾಣ: ಓಂಕಾಳು ಪುಡಿ 5 ಕೆಜಿ, ಬೆಳ್ಳುಳ್ಳಿ ಪುಡಿ 3 ಕೆಜಿ, ಅರಿಶಿನ ಪುಡಿ 2.5 ಕೆಜಿ, ನೆಲನೆಲ್ಲಿ 1 ಕೆಜಿ, ನೆಲಬೇವು ಅರ್ಧ ಕೆಜಿ. ಮೊದಲ ಹತ್ತು ಹನ್ನೆರಡು ದಿನದ ಪ್ರೀ-ಸ್ಟಾರ್ಟರಿನಲ್ಲಿ ಓಂಕಾಳು 3 ಕೆಜಿಗೆ ಇಳಿಸಿ, ನೆಲಬೇವು ಪೂರ್ತಿ ಬಿಡುತ್ತೇವೆ. ಅದು ಕಹಿ, ಮರಿ ಫೀಡರಿನ ಹತ್ತಿರ ಬಂದು ಕುಕ್ಕಿ ಹಿಂದೆ ಸರಿಯುತ್ತದೆ. ಮೊದಲ ವಾರ ತಿನ್ನದ ಮರಿ ಆಮೇಲೆ ಎಷ್ಟು ತಿಂದರೂ ಹಿಂದಿನದನ್ನು ತುಂಬಿಕೊಳ್ಳುವುದಿಲ್ಲ. ಬೇವಿನ ಸೊಪ್ಪಿಗೂ ಇದೇ ತೊಂದರೆ. ನುಗ್ಗೆಸೊಪ್ಪಿನ ಪುಡಿ ಒಳ್ಳೆಯದೇ, ಆದರೆ ಶೇ 5 ದಾಟಿದರೆ ನಾರು ಹೆಚ್ಚಾಗಿ ತೂಕ ಬೀಳುತ್ತದೆ. ಕಾಳುಮೆಣಸಿನ ಬಗ್ಗೆ ಪ್ರಯೋಗಗಳು ಚೆನ್ನಾಗೇ ಹೇಳುತ್ತವೆ, ಈಗಿನ ರೇಟಿನಲ್ಲಿ ಅದು ಕೋಳಿಯ ತಟ್ಟೆಗೆ ಹೋಗುವ ಪದಾರ್ಥವಲ್ಲ.

ಈ ಪಟ್ಟಿಯಲ್ಲಿ ಸೂಕ್ಷ್ಮಜೀವಿಗಳ ಮೇಲೆ ನೇರ ಕೆಲಸ ಮಾಡುವುದು ಮುಖ್ಯವಾಗಿ ಓಂಕಾಳು. ಅದರ ಎಣ್ಣೆಯಲ್ಲಿರುವ ಥೈಮಾಲ್ ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ಹಾಳು ಮಾಡುತ್ತದೆ. ಹೊರದೇಶದ ಉತ್ಪನ್ನಗಳಲ್ಲಿ ಓರೆಗಾನೊ ಎಣ್ಣೆಯ ಕಾರ್ವಕ್ರಾಲ್ ಇದೇ ಕೆಲಸಕ್ಕೆ ಬರುತ್ತದೆ. ಲೆಕ್ಕ ಹೀಗಿದೆ: ಓಂಕಾಳಿನಲ್ಲಿ ಎಣ್ಣೆ ಶೇ 2ರಿಂದ 4, ಮಧ್ಯದ ಶೇ 3 ಎಂದುಕೊಂಡರೆ 5 ಕೆಜಿಗೆ 150 ಗ್ರಾಂ. ಅದರಲ್ಲಿ ಅರ್ಧ ಥೈಮಾಲ್ ಎಂದರೆ ಟನ್ನಿಗೆ 75 ಗ್ರಾಂ, ಅಂದರೆ 75 ಪಿಪಿಎಂ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವುದು 60ರಿಂದ 200 ಪಿಪಿಎಂ, ಹಾಗಾಗಿ ನಾವು ಕೆಳಗಿನ ಅಂಚಿನಲ್ಲಿದ್ದೇವೆ. ಅರ್ಧ ಕೆಜಿ ಹಾಕಿ ಓಂಕಾಳು ಹಾಕಿದ್ದೇವೆ ಎನ್ನುವವರು ಏಳೆಂಟು ಪಿಪಿಎಂ ಹಾಕಿರುತ್ತಾರೆ, ಅದು ಫೀಡಿಗೆ ಪರಿಮಳ ಕೊಡುತ್ತದೆ, ಅಷ್ಟೇ. ಕಾಳು ಪುಡಿ ಮಾಡಿದ ಗಳಿಗೆಯಿಂದ ಎಣ್ಣೆ ಹಾರಲು ಶುರು. ಅದಕ್ಕೆ ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿ, ಗಾಳಿಯಾಡದ ಡ್ರಮ್ಮಿನಲ್ಲಿ ಇಡಬೇಕು. ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯದ ಪುಡಿಯನ್ನು ತೂಕಕ್ಕೆ ಹಿಡಿಯಬೇಡಿ.

ಬೆಳ್ಳುಳ್ಳಿಯನ್ನು ಬೇಯಿಸಬಾರದು. ಎಸಳು ಜಜ್ಜಿದಾಗ ಅದರೊಳಗಿನ ಕಿಣ್ವ ಕೆಲಸ ಮಾಡಿ ಅಲಿಸಿನ್ ಎಂಬ ಸಾರ ಹುಟ್ಟುತ್ತದೆ, ಇಡೀ ಎಸಳು ಬೆಂದರೆ ಕಿಣ್ವ ಸತ್ತು ಅಲಿಸಿನ್ ಹುಟ್ಟುವುದೇ ಇಲ್ಲ. ತೆಳ್ಳಗೆ ಹೆಚ್ಚಿ 55ರಿಂದ 60 ಡಿಗ್ರಿ ಮೀರದಂತೆ ಒಣಗಿಸಿ ಪುಡಿ ಮಾಡಿದರೆ ಕಿಣ್ವ ಉಳಿಯುತ್ತದೆ. ಮೂರು ಕೆಜಿ ಹಸಿ ಬೆಳ್ಳುಳ್ಳಿಗೆ ಸುಮಾರು ಒಂದು ಕೆಜಿ ಪುಡಿ. ಅರಿಶಿನವನ್ನು ಪಾಲಿಶ್ ಮಾಡದ ಕೊಂಬಾಗಿಯೇ ತಂದು ನಾವೇ ಪುಡಿ ಮಾಡಿಸುತ್ತೇವೆ. ಬಣ್ಣಕ್ಕೆಂದು ಲೆಡ್ ಕ್ರೋಮೇಟ್ ಬಳಿಯುವ ಚಾಳಿ ಇರುವುದರಿಂದ ಅಗ್ಗದ ಪುಡಿ ಕೊಂಡರೆ ಸೀಸವನ್ನು ಫೀಡಿಗೆ ಸೇರಿಸಿದಂತೆ. ಅಂದ ಹಾಗೆ, ಅರಿಶಿನ ಹಾಕಿದರೆ ಮೊಟ್ಟೆಯ ಭಂಡಾರ ಹಳದಿಯಾಗುತ್ತದೆ ಎಂದು ಲೇಯರ್ ಸಾಕುವವರು ಕೇಳುತ್ತಿರುತ್ತಾರೆ. ಆಗುವುದಿಲ್ಲ. ಆ ಬಣ್ಣ ಬರುವುದು ಜೋಳದಿಂದ, ಚೆಂಡು ಹೂವಿನಿಂದ.

ಎಲ್ಲ ಪುಡಿ ಸೇರಿ ಟನ್ನಿಗೆ 12 ಕೆಜಿ ಆಯಿತು. ಇದು ಜೋಳದ ಜಾಗ ಹಿಡಿಯುತ್ತದೆ, ಶಕ್ತಿ ಕೊಡುವುದು ಕಡಿಮೆ. ಸರಿಪಡಿಸದಿದ್ದರೆ ಕೆಜಿ ಫೀಡಿಗೆ 30 ಕಿಲೋಕ್ಯಾಲೊರಿ ಹತ್ತಿರ ಇಳಿಯುತ್ತದೆ. ಎಣ್ಣೆಯನ್ನು ಟನ್ನಿಗೆ ಐದು ಕೆಜಿಯಷ್ಟು ಏರಿಸಿ, ಅಷ್ಟೇ ಜೋಳ ಇಳಿಸಿದರೆ ಸರಿಹೋಗುತ್ತದೆ. ಗಿಡಮೂಲಿಕೆ ಹಾಕಿದ ಮೇಲೆ ಎಫ್‌ಸಿಆರ್ (ಒಂದು ಕೆಜಿ ತೂಕಕ್ಕೆ ತಿಂದ ಫೀಡಿನ ಕೆಜಿ) ಕೆಟ್ಟಿತು ಎನ್ನುವ ಎಷ್ಟೋ ದೂರಿಗೆ ಕಾರಣ ಈ ಲೆಕ್ಕ. ಪುಡಿಯ ಬದಲು ಅಂಗಡಿಯಲ್ಲಿ ಸಿಗುವ, ಕವಚ ಕಟ್ಟಿದ ಗಿಡಮೂಲಿಕೆ ಎಣ್ಣೆಯ ಪುಡಿ ಟನ್ನಿಗೆ 100ರಿಂದ 200 ಗ್ರಾಂ ಸಾಕಾಗುವುದರಿಂದ ಅಲ್ಲಿ ಈ ತಲೆನೋವಿಲ್ಲ. ಪೆಲೆಟ್ ಮಾಡುವವರಿಗಂತೂ ಅದೇ ಸರಿ. ಪೆಲೆಟ್ ಮಿಲ್ಲಿನ 80ರಿಂದ 85 ಡಿಗ್ರಿ ಹಬೆಯಲ್ಲಿ ನಮ್ಮ ಓಂಕಾಳಿನ ಎಣ್ಣೆ ಮಿಲ್ಲಿನವನ ಮೂಗಿಗೆ ಹೋಗುತ್ತದೆ, ಮರಿಗೆ ಸಿಗುವುದಿಲ್ಲ. ಲೇಬಲ್ಲಿನಲ್ಲಿ ಯಾವ ಗಿಡ, ಯಾವ ಸಾರ, ಶೇಕಡ ಎಷ್ಟು ಎಂದು ಬರೆಯದ ‘ಹರ್ಬಲ್’ ಡಬ್ಬಿಯನ್ನು ಮಾತ್ರ ಮುಟ್ಟುವುದಿಲ್ಲ. ಎರಡು ದಿನದಲ್ಲಿ ಭೇದಿ ನಿಲ್ಲಿಸುವ ಹರ್ಬಲ್ ಪುಡಿಯೊಳಗೆ ಏನಿದೆ ಎಂದು ಅನುಮಾನ ಪಡುವುದೇ ಕ್ಷೇಮ.

ಮಿಕ್ಸಿಂಗ್ ಹೊತ್ತಿಗೆ ಮಿಲ್ಲಿನ ಹುಡುಗ ಕೇಳುವುದು ಒಂದೇ ಪ್ರಶ್ನೆ: ‘ಸಾರ್, ಎಲ್ಲಾ ಒಟ್ಟಿಗೆ ಸುರಿದುಬಿಡ್ಲಾ?’ ಬೇಡ. ಮೊದಲು 20 ಕೆಜಿ ನುಣ್ಣನೆ ಜೋಳದ ಹಿಟ್ಟಿಗೆ 12 ಕೆಜಿ ಪುಡಿಯನ್ನು ಸಣ್ಣ ಡ್ರಮ್ ಮಿಕ್ಸರಿನಲ್ಲೋ ಟಾರ್ಪಾಲಿನ ಮೇಲೋ ಬೆರೆಸಬೇಕು. ಆಮೇಲೆ ಅದಕ್ಕೆ ಇನ್ನೂ 50 ಕೆಜಿ ಹಿಟ್ಟು ಸೇರಿಸಿ ಮತ್ತೆ ಬೆರೆಸಬೇಕು. ವಿಟಮಿನ್ ಮತ್ತು ಕೋಲಿನ್ ಕ್ಲೋರೈಡ್ ಇದರ ಜೊತೆ ಬೇಡ, ಕೋಲಿನ್ ನೀರು ಹೀರಿ ವಿಟಮಿನ್ನನ್ನೂ ಕೆಡಿಸುತ್ತದೆ, ಪುಡಿಯನ್ನೂ ಗಂಟು ಮಾಡುತ್ತದೆ. ದೊಡ್ಡ ಮಿಕ್ಸರಿಗೆ ಅರ್ಧ ಜೋಳ ಹೋದ ಮೇಲೆ ಈ ಮಿಶ್ರಣ, ಆಮೇಲೆ ಸೋಯಾ ಹಿಂಡಿ ಮತ್ತು ಉಳಿದದ್ದು, ಕೊನೆಗೆ ಎಣ್ಣೆ. ನಿಲುವು ಮಿಕ್ಸರಿಗೆ ಹದಿನೈದು ನಿಮಿಷ ಬೇಕು, ಅಡ್ಡ ರಿಬ್ಬನ್ ಮಿಕ್ಸರಿಗೆ ನಾಲ್ಕೈದು ಸಾಕು.

ಸರಿಯಾಗಿ ಬೆರೆತಿದೆಯೇ ಎಂದು ನೋಡಲು ಲ್ಯಾಬು ಬೇಕಿಲ್ಲ, ಅರಿಶಿನವೇ ಹೇಳುತ್ತದೆ. ಮೊದಲ ಚೀಲ, ನಡುವಿನದು, ಕೊನೆಯದು, ಮೂರರಿಂದಲೂ ಒಂದೊಂದು ಚಮಚ ಫೀಡು ಬಿಳಿ ಕಾಗದದ ಮೇಲೆ ತೆಳ್ಳಗೆ ಹರಡಿ, ತಿಳಿ ಸುಣ್ಣದ ನೀರು ಚಿಮುಕಿಸಿ. ಅರಿಶಿನ ಇದ್ದ ಕಡೆ ಓಕುಳಿಯ ಕೆಂಪು ಏಳುತ್ತದೆ. ಮೂರು ಕಾಗದದಲ್ಲೂ ಕೆಂಪು ಚುಕ್ಕೆ ಹೆಚ್ಚುಕಡಿಮೆ ಒಂದೇ ಸಮ ಇದ್ದರೆ ಚೀಲ ಹೊಲಿಯಬಹುದು. ಒಂದರಲ್ಲಿ ಕೆಂಪು ಮಡುಗಟ್ಟಿ ಇನ್ನೊಂದು ಬರಿದಾಗಿದ್ದರೆ ಪುನಃ ಮಿಕ್ಸರಿಗೆ. ಎಣ್ಣೆ ಮೊದಲೇ ಬಿದ್ದು ಪುಡಿ ಉಂಡೆಯಾದಾಗ ಹೀಗಾಗುತ್ತದೆ.

ಕಷಾಯ ಮಾಡಿ ನೀರಿನಲ್ಲಿ ಕೊಡುವುದು ಬೆಲ್ ಡ್ರಿಂಕರ್ (ಗಂಟೆಯಾಕಾರದ ತೆರೆದ ನೀರಿನ ತೊಟ್ಟಿ) ಇದ್ದವರಿಗೆ ನಡೆಯುತ್ತದೆ. ನಿಪ್ಪಲ್ ಲೈನಿಗೆ ಬೇಡ. ಎಷ್ಟು ಸೋಸಿದರೂ ನಾರು ಉಳಿದು ನಿಪ್ಪಲ್ ಸೋರುತ್ತದೆ, ಬೆಲ್ಲ ಸೇರಿಸಿದ್ದರೆ ಪೈಪಿನಲ್ಲಿ ಮತ್ತೆ ಲೋಳೆ. ಲಸಿಕೆ ನೀರಿನಲ್ಲಿ ಕೊಡುವ ದಿನ ಮತ್ತು ಅದರ ಹಿಂದಿನ ದಿನ ಕ್ಲೋರಿನ್, ಆಸಿಡ್, ಕಷಾಯ ಮೂರೂ ಬಂದ್. ಹದಿನಾಲ್ಕನೇ ದಿನದ ಗುಂಬೋರೊ ರೋಗದ ಲಸಿಕೆ, ಆಮೇಲಿನ ಲಸೋಟ (ರಾಣಿಖೇತ್ ರೋಗದ್ದು) ಎರಡೂ ಜೀವಂತ ಲಸಿಕೆಗಳು.

ಶೆಡ್ಡು ಎರಡಿದ್ದರೆ ಒಂದೇ ಹ್ಯಾಚರಿಯ, ಒಂದೇ ದಿನದ ಮರಿಯನ್ನು ಎರಡಕ್ಕೂ ಇಳಿಸಿ, ಒಂದಕ್ಕೆ ಹಳೆಯ ಫೀಡು, ಒಂದಕ್ಕೆ ಹೊಸದು ಕೊಟ್ಟು ನೋಡುವುದು ಸರಿಯಾದ ದಾರಿ. ಹಿಂದಿನ ಬ್ಯಾಚಿನ ಜೊತೆ ಹೋಲಿಸಿದರೆ ಹವೆ, ಮರಿ, ಜೋಳ ಎಲ್ಲ ಬೇರೆ ಇರುತ್ತದೆ, ಏನೂ ತಿಳಿಯುವುದಿಲ್ಲ. ವಾರಕ್ಕೊಮ್ಮೆ ಬೆಳಿಗ್ಗೆ ಫೀಡು ಹಾಕುವ ಮುಂಚೆ ಶೆಡ್ಡಿನ ಬೇರೆ ಬೇರೆ ಮೂಲೆಯಿಂದ ಹಿಡಿದು ತೂಗಬೇಕು. ಏಳನೇ ದಿನಕ್ಕೆ ಮರಿ ಮೊದಲ ದಿನದ ನಾಲ್ಕು ಪಟ್ಟು ತೂಗದಿದ್ದರೆ ಬ್ರೂಡಿಂಗ್ (ಎಳೆ ಮರಿಗೆ ಕಾವು ಕೊಡುವುದು) ಸರಿಯಿಲ್ಲ, ಫೀಡಿನ ಮೇಲೆ ಹಾಕಬೇಡಿ.

ಹೊಸ ಫೀಡಿನ ಪರೀಕ್ಷೆ ನಡೆಯುವುದು 18ರಿಂದ 28ನೇ ದಿನದ ನಡುವೆ. ಆಗ ಹಿಕ್ಕೆ ನೋಡುತ್ತಾ ಓಡಾಡಬೇಕು. ಜೋಳದ ನುಚ್ಚು ಹಾಗೇ ಹೊರಬಂದಿದೆಯೇ, ಕಿತ್ತಳೆ ಬಣ್ಣದ ಲೋಳೆ ಇದೆಯೇ, ರಕ್ತ ಇದೆಯೇ. ಸತ್ತದ್ದನ್ನು ಅಂದೇ ಕೊಯ್ದು ನೋಡಬೇಕು, ಸಂಜೆಗೆ ಬಿಟ್ಟರೆ ಕರುಳು ಕೊಳೆತು ಎಲ್ಲವೂ ರೋಗದ ಹಾಗೆ ಕಾಣುತ್ತದೆ. ಕುರುಡುಗರುಳಿನಲ್ಲಿ ರಕ್ತ ತುಂಬಿದ್ದರೆ ಟೆನೆಲ್ಲಾ ಜಾತಿಯ ರಕ್ತಭೇದಿ. ಸಣ್ಣ ಕರುಳಿನ ಮೊದಲ ಸುತ್ತಿನಲ್ಲಿ ಏಣಿಯ ಮೆಟ್ಟಿಲಿನಂತೆ ಬಿಳಿ ಗೆರೆ ಇದ್ದರೆ ಅಸರ್ವುಲಿನಾ ಜಾತಿಯದು. ಕರುಳು ಗಾಳಿ ತುಂಬಿ ಉಬ್ಬಿ, ಸೀಳಿದರೆ ಒಳಮೈ ಒರಟು ಟರ್ಕಿ ಟವೆಲಿನ ಹಾಗೆ ಇದ್ದರೆ ಕ್ಲಾಸ್ಟ್ರೀಡಿಯಂ ಎದ್ದಿದೆ. ಆ ಹೊತ್ತಿನಲ್ಲಿ ಓಂಕಾಳಿನ ಪ್ರಮಾಣ ಏರಿಸುತ್ತಾ ಕೂರುವುದು ಮರಿ ಸಾಯಿಸುವ ಕೆಲಸ. ಪಶುವೈದ್ಯರನ್ನು ಕರೆಯಬೇಕು, ಸ್ಯಾಂಪಲ್ಲನ್ನು ಬೆಂಗಳೂರು ಹೆಬ್ಬಾಳದ ಪಶುರೋಗ ಲ್ಯಾಬಿಗೋ ಹತ್ತಿರದ್ದಕ್ಕೋ ಕಳಿಸಬೇಕು, ಅವರು ಬರೆದ ಔಷಧಿಯನ್ನು ಪೂರ್ತಿ ಪ್ರಮಾಣದಲ್ಲಿ ಪೂರ್ತಿ ದಿನ ಕೊಟ್ಟು, ಬಿಡುವಿನ ಅವಧಿ (ಔಷಧಿಯ ಅಂಶ ಮಾಂಸದಿಂದ ಇಳಿಯಲು ಬೇಕಾದ ದಿನಗಳು) ಮುಗಿಯುವ ತನಕ ಲಿಫ್ಟಿಂಗ್ ಮಾಡಬಾರದು. ಫೀಡಿನಲ್ಲಿ ಸಾಲಿನೋಮೈಸಿನ್ ಅಥವಾ ಮಡುರಾಮೈಸಿನ್ ಇರುವುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಅವುಗಳ ಮೇಲೆ ಟಿಯಾಮುಲಿನ್ ಎಂಬ ಆಂಟಿಬಯೋಟಿಕ್ ಬಿದ್ದರೆ ಕೋಳಿ ಕಾಲು ಸೋತು ಮಲಗುತ್ತದೆ.

ಲಾಭನಷ್ಟ ಅಳೆಯಲು ತೂಕವೊಂದೇ ಸಾಲದು. ಬದುಕಿದ ಶೇಕಡವನ್ನು ಸರಾಸರಿ ತೂಕದಿಂದ ಗುಣಿಸಿ, ಅದನ್ನು ನೂರರಿಂದ ಗುಣಿಸಿ, ವಯಸ್ಸು ಮತ್ತು ಎಫ್‌ಸಿಆರ್‌ಗಳ ಗುಣಲಬ್ಧದಿಂದ ಭಾಗಿಸಿ. ಉದಾಹರಣೆಗೆ ಶೇ 95.5 ಬದುಕು, 2.15 ಕೆಜಿ, 40 ದಿನ, ಎಫ್‌ಸಿಆರ್ 1.62 ಆದರೆ 317 ಬರುತ್ತದೆ, ಈ ಅಂಕ ಹೆಚ್ಚಿದ್ದಷ್ಟೂ ಒಳ್ಳೆಯದು. ಎಫ್‌ಸಿಆರ್ 1.66ಕ್ಕೆ ಜಾರಿದರೆ 309. ಅಷ್ಟು ಜಾರಿದರೆ ಕೋಳಿಯೊಂದಕ್ಕೆ 86 ಗ್ರಾಂ ಫೀಡು ಹೆಚ್ಚು ಹೋಗಿದೆ. ಅದರ ಬೆಲೆ, ಪುಡಿಗಳ ಬೆಲೆ, ಏರಿಸಿದ ಎಣ್ಣೆಯ ಬೆಲೆ ಒಂದು ಕಡೆ, ಬಿಎಂಡಿ ಮತ್ತು ಬ್ಯಾಚಿನಲ್ಲಿ ಉಳಿತಾಯವಾದ ಔಷಧಿ ಬಿಲ್ಲು ಇನ್ನೊಂದು ಕಡೆ ಇಟ್ಟು ನೋಡಬೇಕು. ಬೇಸಿಗೆಯ ಬ್ಯಾಚಿನಲ್ಲಿ ಎರಡೂ ಸಮಕ್ಕೆ ಬರುತ್ತವೆ. ಮಳೆಗಾಲದಲ್ಲಿ ಗಿಡಮೂಲಿಕೆಯ ಖರ್ಚಿನ ತಕ್ಕಡಿ ಭಾರವಾಗುವುದುಂಟು, ‘ಔಷಧಿ ಹಾಕದ ಕೋಳಿ’ ಎಂದು ಕೆಜಿಗೆ ನಾಲ್ಕು ಕಾಸು ಹೆಚ್ಚು ಕೊಡುವ ಗಿರಾಕಿ ಇಲ್ಲದಿದ್ದರೆ ಆ ತಿಂಗಳುಗಳಲ್ಲಿ ಕೈಯಿಂದ ಬೀಳುತ್ತದೆ.

ಕಾಕ್ಸಿಡಿಯೋಸ್ಟಾಟನ್ನು ನಾವು ತೆಗೆದಿಲ್ಲ. ತೆಗೆಯುವುದಾದರೆ ಮೊದಲ ದಿನವೇ ಜೀವಂತ ಕಾಕ್ಸಿಡಿಯಾ ಲಸಿಕೆ ಕೊಡಬೇಕು. ಆ ಲಸಿಕೆ ನಾಟಲು ಲಿಟ್ಟರಿನಲ್ಲಿ ಸ್ವಲ್ಪ ತೇವ ಬೇಕು, ತೀರಾ ಹೆಚ್ಚಾದರೆ ಲಸಿಕೆಯೇ ರೋಗವಾಗುತ್ತದೆ. ಆ ಹದ ಕೈಗೆ ಹತ್ತುವ ತನಕ ಒಂದು ಶೆಡ್ಡಿನಲ್ಲಿ, ಅದೂ ನವೆಂಬರಿನಿಂದ ಫೆಬ್ರವರಿಯೊಳಗಿನ ಬ್ಯಾಚಿಗೆ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು.